ಕೆಂಪು ಡಬ್ಬಿ, ನೀಲಿ ಡಬ್ಬಿ, ಕಪ್ಪು ಡಬ್ಬಿ: ಮನೆಯಲ್ಲಿ ಸಿನಿಮಾ ನೋಡಲು ಯಾವ ಡಿಸ್ಕ್ ಸರಿ?

ಹೋದ ವರ್ಷ ಅಕ್ಕ, ಭಾವ ನ್ಯೂಜೆರ್ಸಿ ಬಿಟ್ಟು ಊರಿಗೇ ಬಂದರು. ಸಾಮಾನಿನ ಜೊತೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬ ಸಿನಿಮಾ ಡಿಸ್ಕ್‌ಗಳೂ ಬಂದವು. ಭಾವ ಅದನ್ನು ನನ್ನ ಮುಂದೆ ಎಳೆದಿಟ್ಟು, "ಇದರ ಹುಚ್ಚು ನಿಂಗೇ ಅಲ್ವಾ? ಓಡೋದನ್ನ ಇಟ್ಕೋ, ಓಡದೇ ಇರೋದನ್ನ ಗುಜರಿಗೆ ಹಾಕು" ಅಂದರು.

ಮುಚ್ಚಳ ತೆಗೆದರೆ ಒಳಗೆ ಮೂರು ಬಣ್ಣದ ಡಬ್ಬಿಗಳು. ಕಪ್ಪು, ನೀಲಿ, ಜೊತೆಗೆ ನಾನು ಅಲ್ಲಿಯವರೆಗೆ ಕೈಯಲ್ಲಿ ಹಿಡಿದೇ ಇರದ ಕೆಂಪು. ಒಂದು ಭಾನುವಾರಕ್ಕೆ ಮುಗಿಯುತ್ತೆ ಅಂದುಕೊಂಡ ಕೆಲಸ ಎರಡು ತಿಂಗಳು ಹಿಡಿಯಿತು. ನಿಮ್ಮ ಮನೆಗೂ ಇಂಥದ್ದೊಂದು ಪೆಟ್ಟಿಗೆ ಬಂದಿದ್ದರೆ, ಅಥವಾ ಈಗ ಹೊಸದಾಗಿ ಡಿಸ್ಕ್ ಕೊಳ್ಳುವ ಯೋಚನೆ ಇದ್ದರೆ, ನಾನು ಎಡವಿದ ಕಡೆ ನೀವು ಎಡವದಿರಲಿ ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಓಟಿಟಿ ಇರುವಾಗ ಡಿಸ್ಕ್ ಯಾಕೆ ಅಂತ ಕೇಳುವವರಿಗೆ ಒಂದು ಸಣ್ಣ ಲೆಕ್ಕ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೆ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಇಂಟರ್ನೆಟ್. 4ಕೆ ಡಿಸ್ಕ್ ಸೆಕೆಂಡಿಗೆ 100 ಮೆಗಾಬಿಟ್‌ಗೂ ಜಾಸ್ತಿ ಕೊಡಬಲ್ಲದು. ಹತ್ತು ವರ್ಷದ ಹಿಂದಿನ ಸಾಮಾನ್ಯ ಬ್ಲೂ-ರೇ ಡಿಸ್ಕ್ ಕೂಡ ಎಷ್ಟೋ ಸಲ ಆ 15ನ್ನು ದಾಟುತ್ತದೆ.

ಹೆಜ್ಜೆ 1: ಡಬ್ಬಿ ನೋಡಿ ಬೇರೆ ಬೇರೆ ಮಾಡಿ

ಡಿಸ್ಕ್ ಹೊರಗೆ ತೆಗೆಯುವುದೇ ಬೇಡ. ಎಲ್ಲವೂ 12 ಸೆಂಟಿಮೀಟರ್ ಅಗಲದ ಅದೇ ಹೊಳೆಯುವ ತಟ್ಟೆಗಳು, ನೋಡಿದರೆ ತಿಳಿಯುವುದು ಕಷ್ಟ. ಡಬ್ಬಿಯೇ ಹೇಳುತ್ತದೆ.

ಎತ್ತರದ ಕಪ್ಪು ಡಬ್ಬಿ, ಸುಮಾರು 19 ಸೆಂಟಿಮೀಟರ್ ಇದ್ದರೆ ಅದು ಡಿವಿಡಿ. ಗಿಡ್ಡನೆಯ ನೀಲಿ ಡಬ್ಬಿ, ಸುಮಾರು 17 ಸೆಂಟಿಮೀಟರ್, ಬ್ಲೂ-ರೇ. ಅದೇ ಗಿಡ್ಡ ಅಳತೆ, ಆದರೆ ಕಪ್ಪು ಬಣ್ಣ, ತಲೆಯ ಮೇಲೆ 4ಕೆ ಅಲ್ಟ್ರಾ ಎಚ್‌ಡಿ ಅಂತ ಪಟ್ಟಿ ಇದ್ದರೆ ಅದು 4ಕೆ ಬ್ಲೂ-ರೇ. ಗಿಡ್ಡನೆಯ ಕೆಂಪು ಡಬ್ಬಿ ಎಚ್‌ಡಿ ಡಿವಿಡಿ. ಹೆಸರಿನಲ್ಲಿ ಡಿವಿಡಿ ಇದೆ ಅಂತ ಮೋಸ ಹೋಗಬೇಡಿ. ಅದು ಮನೆಯ ಡಿವಿಡಿ ಪ್ಲೇಯರಿನಲ್ಲಿ ಓಡುವುದಿಲ್ಲ. ನಾನು ಮೊದಲ ದಿನವೇ ಹಾಕಿ, ಪ್ಲೇಯರ್ ಕೆಟ್ಟಿದೆ ಅಂತ ಒಂದು ಗಂಟೆ ಒದ್ದಾಡಿದೆ.

ಯಾವುದರಲ್ಲಿ ಎಷ್ಟು ಹಿಡಿಸುತ್ತೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿವಿಡಿ ಒಂದು ಪದರಕ್ಕೆ 4.7 ಜಿಬಿ, ಎರಡು ಪದರಕ್ಕೆ 8.5. ಎಚ್‌ಡಿ ಡಿವಿಡಿ 15 ಮತ್ತು 30. ಬ್ಲೂ-ರೇ 25 ಮತ್ತು 50. 4ಕೆ ಬ್ಲೂ-ರೇ 50, 66 ಇಲ್ಲವೇ 100. ಸಂಖ್ಯೆ ದೊಡ್ಡದಿದ್ದರೆ ಚಿತ್ರವೂ ಅಷ್ಟೇ ಪಟ್ಟು ಚೆನ್ನಾಗಿರುತ್ತೆ ಅಂದುಕೊಳ್ಳಬೇಡಿ. ಜಾಗ ನಿಜಕ್ಕೂ ಯಾವಾಗ ಬೇಕಾಗುತ್ತೆ ಅಂತ ನಮಗೆ ಗೊತ್ತಿರುವ ಉದಾಹರಣೆಯಿಂದಲೇ ನೋಡಬಹುದು.

ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ಇರುವ ಡಿವಿಡಿಗಳು ನೆನಪಿವೆಯಾ? ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ನೇತು ಹಾಕಿರುತ್ತಿದ್ದರು. ಎರಡೂವರೆ ಗಂಟೆಯ ಮೂರು ಚಿತ್ರಗಳನ್ನು 8.5 ಜಿಬಿಗೆ ತುರುಕಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸಿಗುವುದು ಸುಮಾರು ಎರಡೂವರೆ ಮೆಗಾಬಿಟ್. ಒಂದೇ ಚಿತ್ರವಿದ್ದರೆ ಏಳೂವರೆ. ಹಾಡಿನಲ್ಲಿ ಮಳೆ ಸುರಿದ ಕೂಡಲೇ ಪರದೆ ತುಂಬ ಚೌಕಚೌಕ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ. ಫಾರ್ಮ್ಯಾಟಿನ ತಪ್ಪಲ್ಲ, ತುರುಕಿದವರದ್ದು.

ಹೆಜ್ಜೆ 2: ಕೆಂಪು ಯಾಕೆ ಸೋತಿತು ಅಂತ ತಿಳಿದುಕೊಳ್ಳಿ

ಇದು ಬರೀ ಹಳೆ ಕಥೆ ಅಂತ ದಾಟಿಸಬೇಡಿ. ಮುಂದೆ ಯಾವ ಫಾರ್ಮ್ಯಾಟಿಗೆ ದುಡ್ಡು ಹಾಕಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಎಚ್‌ಡಿ ಡಿವಿಡಿಯನ್ನು ಮುಂದೆ ನಿಂತು ತಂದದ್ದು ತೋಷಿಬಾ. ಎನ್‌ಇಸಿ, ಮೈಕ್ರೋಸಾಫ್ಟ್, ಇಂಟೆಲ್ ಬೆನ್ನಿಗಿದ್ದವು. ಬ್ಲೂ-ರೇ ಕಡೆ ಸೋನಿ, ಪ್ಯಾನಸಾನಿಕ್, ಫಿಲಿಪ್ಸ್, ಪಯೋನಿಯರ್ ಹೀಗೆ ದೊಡ್ಡ ಗುಂಪು. ಎರಡೂ ಬಳಸುವುದು 405 ನ್ಯಾನೋಮೀಟರ್‌ನ ಒಂದೇ ನೀಲಿ-ನೇರಳೆ ಲೇಸರ್. ವ್ಯತ್ಯಾಸ ಇರುವುದು ಮಾಹಿತಿಯ ಪದರ ಎಷ್ಟು ಆಳದಲ್ಲಿದೆ ಅನ್ನುವುದರಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಅದು ಹಳೆ ಡಿವಿಡಿಯ ಹಾಗೆ 0.6 ಮಿಲಿಮೀಟರ್ ಒಳಗೆ. ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಪದರ ಮೇಲಿದ್ದಷ್ಟೂ ಬೆಳಕಿನ ಚುಕ್ಕಿಯನ್ನು ಸಣ್ಣದು ಮಾಡಬಹುದು. ಸಣ್ಣ ನಿಬ್ಬಿನ ಪೆನ್ನಿದ್ದರೆ ಅದೇ ಹಾಳೆಯಲ್ಲಿ ಜಾಸ್ತಿ ಸಾಲು ಬರೆಯಬಹುದಲ್ಲ, ಹಾಗೆ. ಬ್ಲೂ-ರೇಗೆ ಜಾಗ ಸಿಕ್ಕಿತು. ಎಚ್‌ಡಿ ಡಿವಿಡಿಗೆ ಅಗ್ಗ ಸಿಕ್ಕಿತು, ಹಳೆ ಡಿವಿಡಿ ಕಾರ್ಖಾನೆಯನ್ನೇ ಸ್ವಲ್ಪ ಬದಲಿಸಿ ಅಚ್ಚು ಹಾಕಬಹುದಿತ್ತು.

2006ರ ಏಪ್ರಿಲ್‌ನಲ್ಲಿ ಅಮೆರಿಕದ ಅಂಗಡಿಗೆ ಬಂದ ತೋಷಿಬಾ ಪ್ಲೇಯರ್‌ಗಳಲ್ಲಿ ಅಗ್ಗದ್ದರ ಬೆಲೆ 499 ಡಾಲರ್. ಎರಡು ತಿಂಗಳ ಮೇಲೆ ಬಂದ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್‌ಗೆ ಹತ್ತಿರ ಹತ್ತಿರ 1,000 ಡಾಲರ್. ಮೇಲಾಗಿ ಮೊದಮೊದಲ ಬ್ಲೂ-ರೇಗಳಲ್ಲಿ ಕೆಲವನ್ನು ಚಿತ್ರ ಕುಗ್ಗಿಸುವ ಹಳೆಯ ಎಂಪೆಗ್-2 ವಿಧಾನದಲ್ಲಿ 25 ಜಿಬಿಗೆ ತುಂಬಿಸಿದ್ದರು. ಹೊಸ ವಿಸಿ-1 ವಿಧಾನದಲ್ಲಿ ಬಂದ ಎಚ್‌ಡಿ ಡಿವಿಡಿಗಳ ಮುಂದೆ ಅವು ಸಪ್ಪೆಯಾಗಿ ಕಾಣುತ್ತಿದ್ದವು. ಅಂದರೆ ಶುರುವಿನಲ್ಲಿ ಬೆಲೆ, ಚಿತ್ರ ಎರಡರಲ್ಲೂ ಕೆಂಪೇ ಮುಂದಿತ್ತು. ಆಮೇಲೆ ವಾರ್ನರ್ ಸಂಸ್ಥೆ ಎಷ್ಟೋ ಚಿತ್ರಗಳನ್ನು ಒಂದೇ ಸಲ ಎನ್‌ಕೋಡ್ ಮಾಡಿ, ಅದನ್ನೇ ಎರಡೂ ಡಿಸ್ಕಿಗೆ ಹಾಕಿತು. ಅಲ್ಲಿಗೆ ಚಿತ್ರದ ಜಗಳವೇ ಮುಗಿದ ಹಾಗೆ, ಎರಡರಲ್ಲೂ ಇದ್ದದ್ದು ಒಂದೇ.

ಹಾಗಾದರೆ ತೀರ್ಮಾನ ಆಗಿದ್ದು ಎಲ್ಲಿ? ಎರಡು ಕಡೆ. ಒಂದು, 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಡ್ರೈವ್ ಇತ್ತು. ಆಟಕ್ಕೆ ಕೊಂಡವರ ಮನೆಗೆಲ್ಲ ಪ್ಲೇಯರ್ ತಾನಾಗಿ ಹೊಕ್ಕಿತು. ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವ್ ಬೇಕಿದ್ದರೆ 199 ಡಾಲರ್ ಕೊಟ್ಟು ಬೇರೆ ಕೊಳ್ಳಬೇಕಿತ್ತು. ಎರಡು, ಸಿನಿಮಾ ಕಂಪನಿಗಳು. ಸೋನಿ, ಡಿಸ್ನಿ, ಫಾಕ್ಸ್ ನೀಲಿಗೆ ಮಾತ್ರ. ಯೂನಿವರ್ಸಲ್ ಕೆಂಪಿಗೆ ಮಾತ್ರ. ಪ್ಯಾರಮೌಂಟ್ 2007ರ ಆಗಸ್ಟ್‌ನಲ್ಲಿ ನೀಲಿ ಬಿಟ್ಟು ಕೆಂಪಿಗೆ ಹೋಯಿತು. ವಾರ್ನರ್ 2008ರ ಜನವರಿ 4ರಂದು ಇನ್ನು ನೀಲಿ ಮಾತ್ರ ಅಂತ ಹೇಳಿತು. ಫೆಬ್ರವರಿಯಲ್ಲಿ ಆಗ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, ದೊಡ್ಡ ಅಂಗಡಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಫೆಬ್ರವರಿ 19ಕ್ಕೆ ತೋಷಿಬಾ ಕೈ ಚೆಲ್ಲಿತು. ಮೂರು ತಿಂಗಳ ಹಿಂದಷ್ಟೇ ವಾಲ್‌ಮಾರ್ಟ್ ತೋಷಿಬಾ ಪ್ಲೇಯರನ್ನು 100 ಡಾಲರ್‌ಗೂ ಕಡಿಮೆಗೆ ಮಾರಿತ್ತು. ಪಾಪ, ಆ ಸಾಲಿನಲ್ಲಿ ನಿಂತು ಕೊಂಡವರ ಕಥೆ!

ಭಾವನ ಕೆಂಪು ಡಬ್ಬಿಗಳು ಬಂದದ್ದೂ ಆಗಲೇ. ಅಂಗಡಿಗಳು ತೆರವು ಮಾಡುವಾಗ ಸಿಕ್ಕ ಬೆಲೆಗೆ ರಾಶಿ ತಂದಿದ್ದರು. ಕೆಲವದರ ಮೇಲೆ ಹಳದಿ ಬೆಲೆ ಚೀಟಿ ಇನ್ನೂ ಅಂಟಿಕೊಂಡಿದೆ.

ಹಾಗಾಗಿ ಯಾವುದೇ ಫಾರ್ಮ್ಯಾಟ್ ಹೋಲಿಸುವಾಗ ಈ ಕ್ರಮ ಇಟ್ಟುಕೊಳ್ಳಿ: ಮೊದಲು ನಿಮಗೆ ಬೇಕಾದ ಸಿನಿಮಾ ಅದರಲ್ಲಿ ಸಿಗುತ್ತದೆಯೇ, ಆಮೇಲೆ ಪ್ಲೇಯರ್ ಸಿಗುತ್ತದೆಯೇ, ಚಿತ್ರ ಎಷ್ಟು ಚೆಂದ ಅನ್ನುವುದು ಕೊನೆಗೆ. ಒಂದು ಹಾಳೆ ತೆಗೆದುಕೊಂಡು ಮತ್ತೆ ಮತ್ತೆ ನೋಡಬೇಕು ಅನಿಸುವ 20 ಚಿತ್ರಗಳ ಹೆಸರು ಬರೆಯಿರಿ. ಎದುರಿಗೆ ಯಾವುದು ಯಾವ ಡಿಸ್ಕಿನಲ್ಲಿ ಇದೆ ಅಂತ ಗುರುತು ಹಾಕಿ. ನನ್ನ ಪಟ್ಟಿಯ ಕನ್ನಡ ಚಿತ್ರಗಳೆಲ್ಲ ನನ್ನ ಬಳಿ ಇರುವುದು ವಿಸಿಡಿ, ಡಿವಿಡಿಯಲ್ಲೇ. ಅವಕ್ಕಾಗಿ 4ಕೆ ಪ್ಲೇಯರ್ ತಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಹೆಜ್ಜೆ 3: ಡಬ್ಬಿಯ ಹಿಂಬದಿ ಓದಿ

ಹೊರದೇಶದಿಂದ ಬಂದ ಡಿಸ್ಕ್ ಆದರೆ ಈ ಹೆಜ್ಜೆ ತಪ್ಪಿಸುವಂತಿಲ್ಲ. ಡಿವಿಡಿಯ ಹಿಂದೆ ಭೂಗೋಳದ ಚಿತ್ರದೊಳಗೆ ಒಂದು ಸಂಖ್ಯೆ ಇರುತ್ತದೆ. ಅಮೆರಿಕದ್ದು 1, ಭಾರತದ್ದು 5. ಬ್ಲೂ-ರೇಯಲ್ಲಿ ಆರು ಮೂಲೆಯ ಗುರುತಿನೊಳಗೆ ಅಕ್ಷರ. ಅಮೆರಿಕ, ಜಪಾನ್ ಎ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಇಲ್ಲಿ ಕೊಂಡ ಪ್ಲೇಯರಿಗೆ ಬರೀ ಎ ಗುರುತಿನ ಡಿಸ್ಕ್ ಹಾಕಿದರೆ ಅದು ಒಪ್ಪುವುದಿಲ್ಲ. ಮೂರೂ ಅಕ್ಷರ ಇದ್ದರೆ ಎಲ್ಲಾದರೂ ಓಡುತ್ತೆ. ಅಂಥವು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತವೆ. ಅದಕ್ಕೇ ಒಂದೊಂದನ್ನೂ ತಿರುಗಿಸಿ ನೋಡಿ.

4ಕೆ ಡಿಸ್ಕಿಗೆ ಈ ತಾಪತ್ರಯವೇ ಇಲ್ಲ. ಎಲ್ಲಿ ಕೊಂಡರೂ ಎಲ್ಲಾದರೂ ಓಡುತ್ತದೆ. ಆದರೆ ಅದೇ ಡಬ್ಬಿಯಲ್ಲಿ ಜೊತೆಗೆ ಕೊಟ್ಟಿರುವ ಸಾದಾ ಬ್ಲೂ-ರೇಗೆ ಗಡಿ ಇರಬಹುದು. ತಮಾಷೆ ಅಂದರೆ ಎಚ್‌ಡಿ ಡಿವಿಡಿಗೂ ಪ್ರದೇಶದ ಬೀಗ ಇರಲಿಲ್ಲ. ಬೀಗವಿಲ್ಲದ ಡಿಸ್ಕ್ ಇದೆ, ಓಡಿಸುವ ಪ್ಲೇಯರ್ ಇಲ್ಲ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗಾಯಿತು.

ಯಾರಾದರೂ ಅಮೆರಿಕದಿಂದ ವಾಪಸ್ ಬರುವವರಿದ್ದರೆ ಈಗಲೇ ಫೋನ್ ಮಾಡಿ ಹೇಳಿ: ಡಿಸ್ಕ್ ಮಾತ್ರ ಅಲ್ಲ, ಪ್ಲೇಯರನ್ನೂ ತನ್ನಿ. ಪ್ಲೇಯರ್ ಹಿಂದಿನ ಚೀಟಿಯಲ್ಲಿ 100-240 ವೋಲ್ಟ್ ಅಂತ ಇದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ನೇರ ಹಾಕಬೇಡಿ, ಸುಟ್ಟು ಹೋಗುತ್ತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಭಾವ ತಮ್ಮ ಪ್ಲೇಯರನ್ನು ಹೊರಡುವ ಹಿಂದಿನ ವಾರ ಪಕ್ಕದ ಮನೆಯವರಿಗೆ ಕೊಟ್ಟು ಬಂದಿದ್ದರು!

ಹೆಜ್ಜೆ 4: ಕೆಂಪು ಡಿಸ್ಕ್‌ಗಳನ್ನು ಗುಜರಿಗೆ ಹಾಕುವ ಮುಂಚೆ

ಡಬ್ಬಿಯ ಮೇಲೆ ಕಾಂಬೋ ಅಂತ ಇದೆಯೇ ನೋಡಿ. ಈ ಡಿಸ್ಕ್‌ಗಳಿಗೆ ಎರಡೂ ಮಗ್ಗುಲಲ್ಲಿ ಮಾಹಿತಿ. ಒಂದು ಮಗ್ಗುಲು ಎಚ್‌ಡಿ ಡಿವಿಡಿ, ಇನ್ನೊಂದು ಸಾದಾ ಡಿವಿಡಿ. ಮೇಲೆ ಚಿತ್ರ ಇರುವುದಿಲ್ಲ, ನಡುವಿನ ತೂತಿನ ಸುತ್ತ ಸಣ್ಣ ಅಕ್ಷರದಲ್ಲಿ ಯಾವ ಮಗ್ಗುಲು ಯಾವುದು ಅಂತ ಬರೆದಿರುತ್ತದೆ. ಡಿವಿಡಿ ಮಗ್ಗುಲಿನ ಪ್ರದೇಶ ನಿಮ್ಮ ಪ್ಲೇಯರಿಗೆ ಹೊಂದಿದರೆ ಅಷ್ಟಾದರೂ ನೋಡಬಹುದು.

ಎಚ್‌ಡಿ ಮಗ್ಗುಲೇ ಬೇಕು ಅನ್ನುವವರಿಗೆ ದಾರಿ ಎರಡು. ಹಳೆ ತೋಷಿಬಾ ಪ್ಲೇಯರ್ ಹುಡುಕುವುದು ಒಂದು. ಇವು ಡಿವಿಡಿಯನ್ನೂ ಚೆನ್ನಾಗಿ ಹಿಗ್ಗಿಸಿ ತೋರಿಸುತ್ತವೆ, ಹಾಗಾಗಿ ಪೂರ್ತಿ ದಂಡವಲ್ಲ. ಎಕ್ಸ್‌ಬಾಕ್ಸ್ 360ರ ಆ ಬೇರೆ ಡ್ರೈವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸಿಕ್ಕಿಸುವುದು ಇನ್ನೊಂದು. ಅದಕ್ಕೆ ಆ ಕಾಲದ ಪ್ಲೇಯರ್ ಸಾಫ್ಟ್‌ವೇರಿನ ಹಳೆ ಆವೃತ್ತಿಯೇ ಬೇಕು, ಹೊಸವು ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿವೆ. ಎಲ್‌ಜಿ, ಸ್ಯಾಮ್‌ಸಂಗ್ ಎರಡೂ ಫಾರ್ಮ್ಯಾಟ್ ಓಡಿಸುವ ಪ್ಲೇಯರ್‌ಗಳನ್ನೂ ಮಾಡಿದ್ದವು, ಸಿಕ್ಕರೆ ಅದೃಷ್ಟ. ಹೊಸ ಬ್ಲೂ-ರೇ ಪ್ಲೇಯರ್ ಮಾತ್ರ ಕೆಂಪು ಡಿಸ್ಕನ್ನು ಓದುವುದಿಲ್ಲ. ಲೇಸರ್ ಬಣ್ಣ ಒಂದೇ ಆದರೂ ಆಳ ಬೇರೆ ಅಂತ ಆಗಲೇ ಹೇಳಿದೆನಲ್ಲ.

ನನ್ನ ಮಾತು ಕೇಳುವುದಾದರೆ, ಆ ಚಿತ್ರ ಬ್ಲೂ-ರೇಯಲ್ಲಿ ಬಂದಿದೆಯೇ ಅಂತ ನೋಡಿ. ಬಂದಿದ್ದರೆ ಅದನ್ನೇ ಕೊಳ್ಳಿ. ಕೆಂಪಿನ ಪ್ಲೇಯರ್ ಹುಡುಕುವುದು ಚಟ ಇರುವವರ ಕೆಲಸ. ಹಳೆಯ ಎಚ್‌ಡಿ ಡಿವಿಡಿಗಳಲ್ಲಿ ಕೆಲವು ಗೀರೇ ಇಲ್ಲದೆ ಒಳಗಿಂದಲೇ ಕೆಟ್ಟು ಅರ್ಧಕ್ಕೆ ನಿಲ್ಲುತ್ತವೆ ಅನ್ನುವುದೂ ತಲೆಯಲ್ಲಿರಲಿ.

ಹೆಜ್ಜೆ 5: ಟೇಪು ಹಿಡಿದು ಹಾಲ್ ಅಳೆಯಿರಿ

ಅಂಗಡಿಯವರು ಇದನ್ನು ಹೇಳುವುದಿಲ್ಲ. ನೀವು ಕೂರುವ ಸೋಫಾದಿಂದ ಟಿವಿಗೆ ಎಷ್ಟು ಅಡಿ? ಮೊದಲು ಅಳೆದು ಬರೆದುಕೊಳ್ಳಿ.

ಒಳ್ಳೆಯ ಕಣ್ಣಿಗೂ ಒಂದು ಮಿತಿ ಇದೆ. ಒಂದು ದೂರ ದಾಟಿದ ಮೇಲೆ ಪಕ್ಕಪಕ್ಕದ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಲೆಕ್ಕ ಸುಲಭ. ಟಿವಿಯ ಮೂಲೆಯಿಂದ ಮೂಲೆಗಿನ ಅಳತೆಯನ್ನು 1.5ರಿಂದ ಗುಣಿಸಿ. 1080ಪಿ, ಅಂದರೆ ಬ್ಲೂ-ರೇ ಚಿತ್ರದ ಪೂರ್ತಿ ವಿವರ ಕಾಣಬೇಕಾದರೆ ಅದಕ್ಕಿಂತ ದೂರ ಕೂರಬಾರದು. 4ಕೆಗೆ ಆ ದೂರ ಇದರ ಅರ್ಧ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಬರುವ ಡಿವಿಡಿಗೆ ಟಿವಿಯ ಮೂಲೆ ಅಳತೆಯ ಸುಮಾರು ಮೂರು ಪಟ್ಟು.

43 ಇಂಚಿನ ಟಿವಿ ಅಂದುಕೊಳ್ಳಿ. ಬ್ಲೂ-ರೇಯ ಪೂರ್ತಿ ವಿವರ ಕಾಣಲು ಐದೂವರೆ ಅಡಿ ಒಳಗೆ ಕೂರಬೇಕು. 4ಕೆಯದ್ದು ಕಾಣಲು ಮೂರು ಅಡಿ ಒಳಗೆ, ಅಂದರೆ ಟಿವಿಯ ಮಡಿಲಲ್ಲೇ! ಹತ್ತೂವರೆ ಅಡಿ ದಾಟಿದರೆ ಡಿವಿಡಿಗೂ ಬ್ಲೂ-ರೇಗೂ ಬರೀ ಚೂಪಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದು. 55 ಇಂಚಿಗೆ ಇದೇ ಅಂಕಿ ಏಳು ಅಡಿ, ಮೂರೂವರೆ ಅಡಿ, ಹದಿಮೂರೂವರೆ ಅಡಿ ಆಗುತ್ತದೆ.

ನಮ್ಮ ಹಾಲಿನಲ್ಲಿ ಸೋಫಾ ಇರುವುದು ಒಂಬತ್ತು ಅಡಿಯಲ್ಲಿ, ಟಿವಿ 55. ಅಂದರೆ ಡಿವಿಡಿಯಿಂದ ಬ್ಲೂ-ರೇಗೆ ಹೋದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಬ್ಲೂ-ರೇಯಿಂದ 4ಕೆಗೆ ಹೋದರೆ ಚೂಪಿನಲ್ಲಿ ಏನೂ ಜಾಸ್ತಿ ಆಗುವುದಿಲ್ಲ.

ಹಾಗಾದರೆ 4ಕೆ ಡಿಸ್ಕ್ ದಂಡವೇ? ಅಲ್ಲ. ಅದರ ನಿಜವಾದ ಬಲ ಎಚ್‌ಡಿಆರ್, ಅಂದರೆ ಕತ್ತಲು-ಬೆಳಕಿನ ಅಂತರವನ್ನೂ ಬಣ್ಣವನ್ನೂ ಹೆಚ್ಚಾಗಿ ತೋರಿಸುವ ವಿಧಾನ. ಕತ್ತಲಲ್ಲಿ ಉರಿಯುವ ದೀಪ, ಬಿಸಿಲಿಗೆ ಹೊಳೆಯುವ ನೀರು, ಸಂಜೆಯ ಆಕಾಶದಲ್ಲಿ ಒಂದರೊಳಗೊಂದು ಕರಗುವ ಬಣ್ಣ, ಇವು ಎಷ್ಟು ದೂರ ಕೂತರೂ ಕಾಣುತ್ತವೆ. ಆದರೆ ಅದಕ್ಕೆ ಟಿವಿಗೆ ಬೆಳಕಿನ ತಾಕತ್ತು ಇರಬೇಕು. ಅಗ್ಗದ 4ಕೆ ಟಿವಿಗಳು ಎಚ್‌ಡಿಆರ್ ಸಿಗ್ನಲ್ ಒಪ್ಪಿಕೊಳ್ಳುತ್ತವೆ, ತೋರಿಸಲು ಆಗದೆ ಚಿತ್ರವನ್ನು ಮಂಕು ಮಾಡುತ್ತವೆ. ಅಂಥ ಟಿವಿಯಲ್ಲಿ ಸಾದಾ ಬ್ಲೂ-ರೇಯೇ ಚೆನ್ನಾಗಿ ಕಾಣುವುದನ್ನು ನಾನೇ ನೋಡಿದ್ದೇನೆ. ಇನ್ನೊಂದು ಗುಟ್ಟು: ಎಷ್ಟೋ ಚಿತ್ರಗಳ ಕೊನೆಯ ಕೆಲಸ ಸ್ಟುಡಿಯೋದಲ್ಲೇ 2ಕೆಯಲ್ಲಿ, ಅಂದರೆ ಹೆಚ್ಚು ಕಡಿಮೆ ಬ್ಲೂ-ರೇಯಷ್ಟೇ ವಿವರದಲ್ಲಿ, ಮುಗಿದಿರುತ್ತದೆ. ಅವುಗಳ 4ಕೆ ಡಿಸ್ಕ್ ಅಂದರೆ ಹಿಗ್ಗಿಸಿದ 2ಕೆ.

ಹೆಜ್ಜೆ 6: ಹೋಲಿಸುವ ಮುಂಚೆ ಟಿವಿ ಸರಿ ಮಾಡಿ

ಅಂಗಡಿಯಿಂದ ಬಂದ ಹಾಗೇ ಇರುವ ಟಿವಿಯಲ್ಲಿ ಎರಡು ಡಿಸ್ಕ್ ಹೋಲಿಸುವುದು ಸುಮ್ನೆ ಹೊತ್ತು ಕಳೆದ ಹಾಗೆ. ವಿವಿಡ್ ಮೋಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಬನ್ನಿ. ಮೊದಲು ಹಳದಿ ಹಳದಿ ಅನಿಸುತ್ತದೆ. ಎರಡು ದಿನ ಬಿಡಿ, ಕಣ್ಣು ಒಗ್ಗುತ್ತೆ. ಶಾರ್ಪ್‌ನೆಸ್ ಇಳಿಸಿ. ಸಿನಿಮಾವನ್ನು ಧಾರಾವಾಹಿ ಹಾಗೆ ಕಾಣಿಸುವ ಮೋಷನ್ ಸೌಲಭ್ಯ ಬಂದ್ ಮಾಡಿ. ಸೋನಿ ಅದನ್ನು ಮೋಷನ್‌ಫ್ಲೋ ಅನ್ನುತ್ತದೆ, ಎಲ್‌ಜಿ ಟ್ರೂಮೋಷನ್. ಚಿತ್ರದ ಅಂಚು ಕತ್ತರಿಸಿ ಹಿಗ್ಗಿಸುವ ಓವರ್‌ಸ್ಕ್ಯಾನ್ ಇದ್ದರೆ ಅದನ್ನೂ ತೆಗೆಯಿರಿ. ಕೆಲವು ಟಿವಿಯಲ್ಲಿ ಜಸ್ಟ್ ಸ್ಕ್ಯಾನ್ ಅನ್ನುವ ಆಯ್ಕೆ ಇರುತ್ತದೆ.

ಪ್ಲೇಯರಿನಲ್ಲಿ 24ಪಿ ಔಟ್‌ಪುಟ್ ಆನ್ ಮಾಡಿ, ಸಿನಿಮಾ ತೆಗೆಯುವುದೇ ಸೆಕೆಂಡಿಗೆ 24 ಫ್ರೇಮಿನಲ್ಲಿ. ಪಾಲ್ ಡಿವಿಡಿಗಳು ಇದನ್ನು 25ಕ್ಕೆ ಓಡಿಸುತ್ತವೆ. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ, ಹಾಡು ಒಂಚೂರು ಮೇಲಿನ ಶ್ರುತಿಯಲ್ಲಿ ಕೇಳುತ್ತದೆ. ಕ್ಯಾಸೆಟ್ ಕೇಳಿ ಬೆಳೆದ ನಮ್ಮಮ್ಮ "ಯಾಕೋ ದನಿ ಬೇರೆ ಥರ ಇದೆ" ಅಂತ ಹೇಳುವವರೆಗೆ ನನಗೆ ಇದು ಗೊತ್ತೇ ಇರಲಿಲ್ಲ.

4ಕೆ ಪ್ಲೇಯರ್ ಆದರೆ ಇನ್ನೊಂದು ಕೆಲಸ. ಟಿವಿಯ ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ ಆ ಪೋರ್ಟಿಗೆ ಎನ್‌ಹ್ಯಾನ್ಸ್ಡ್ ಅಥವಾ ಡೀಪ್ ಕಲರ್ ಅನ್ನುವುದನ್ನು ಆನ್ ಮಾಡಬೇಕು. ಇಲ್ಲವಾದರೆ ಎಚ್‌ಡಿಆರ್ ಬರುವುದೇ ಇಲ್ಲ, ಬಂದಿಲ್ಲ ಅಂತ ನಿಮಗೆ ಗೊತ್ತಾಗುವುದೂ ಇಲ್ಲ.

ಹೆಜ್ಜೆ 7: ಒಂದೇ ದೃಶ್ಯ, ಎರಡು ಡಿಸ್ಕ್

ಒಂದೇ ಸಿನಿಮಾ ಎರಡು ಫಾರ್ಮ್ಯಾಟಿನಲ್ಲಿ ಬೇಕು. 4ಕೆ ಡಬ್ಬಿಯೊಳಗೆ ಎಷ್ಟೋ ಸಲ ಸಾದಾ ಬ್ಲೂ-ರೇ ಕೂಡ ಇರುತ್ತೆ, ಅದು ಅನುಕೂಲ. ಆದರೆ ಆ ಬ್ಲೂ-ರೇ ಹತ್ತು ವರ್ಷದ ಹಿಂದಿನ ಹಳೆ ಪ್ರತಿಯೇ ಆಗಿರಬಹುದು. ಆಗ ನೀವು ಹೋಲಿಸುತ್ತಿರುವುದು ಫಾರ್ಮ್ಯಾಟನ್ನಲ್ಲ, ಹಳೆ ಪ್ರತಿಗೂ ಹೊಸ ಪ್ರತಿಗೂ ಇರುವ ವ್ಯತ್ಯಾಸವನ್ನು.

ಪೂರ್ತಿ ಸಿನಿಮಾ ನೋಡುವುದು ಬೇಡ. ಮೂರು ನಿಮಿಷದ ನಾಲ್ಕು ದೃಶ್ಯ ಆರಿಸಿ. ರಾತ್ರಿಯ ದೃಶ್ಯ ಒಂದು: ಗೋಡೆಯ ಮೇಲೆ ಬೆಳಕು ಕತ್ತಲಾಗುವ ಕಡೆ ಪಟ್ಟೆಪಟ್ಟೆ ಕಾಣುತ್ತದೆಯೇ ನೋಡಿ. ಮಳೆ, ಹೊಗೆ ಅಥವಾ ನೀರು ಇರುವ ದೃಶ್ಯ: ಚೌಕಗಳು ಏಳುತ್ತವೆಯೇ? ಮುಖ ಹತ್ತಿರದಿಂದ ತೋರಿಸುವ ದೃಶ್ಯ: ಚರ್ಮದ ಮೇಲೆ ಸಣ್ಣ ಗೆರೆ, ರೋಮ ಕಾಣುತ್ತವೆಯೇ, ಅಥವಾ ಮೇಣದ ಬೊಂಬೆ ಹಾಗಿದೆಯೇ? ಹಳೆ ಫಿಲ್ಮಿನ ಸಣ್ಣ ಮರಳು ಮರಳು ಕಾಣಿಸಿದರೆ ಅದು ದೋಷ ಅಲ್ಲ, ಫಿಲ್ಮಿನ ಗುಣವೇ ಹಾಗೆ. ಅದನ್ನು ಒರೆಸಿ ನುಣುಪು ಮಾಡಿದ ಡಿಸ್ಕ್‌ಗಳಲ್ಲೇ ಮುಖ ಮೇಣವಾಗುವುದು. ಕೊನೆಗೆ, ಆಕಾಶದ ಎದುರು ನಿಂತ ಮರ ಅಥವಾ ಕಟ್ಟಡ: ಅಂಚಿನ ಸುತ್ತ ಬಿಳಿ ಗೆರೆ ಇದ್ದರೆ ಕೃತಕವಾಗಿ ಚೂಪು ಮಾಡಿದ್ದಾರೆ ಅಂತ ಅರ್ಥ.

ಈಗ ಒಂದು ಆಟ. ಮನೆಯವರ ಕೈಗೆ ರಿಮೋಟ್ ಕೊಡಿ. ಯಾವ ಡಿಸ್ಕ್ ಹಾಕಿದ್ದಾರೆ ಅಂತ ಅವರು ಹೇಳಬಾರದು. ನೀವು ಸೋಫಾದಲ್ಲೇ ಕೂತು ಯಾವುದು ಯಾವುದು ಅಂತ ಹೇಳಿ. ಆರು ಸಲ ಮಾಡಿ, ಉತ್ತರ ಬರೆದಿಡಿ. ನಾನು ಡಿವಿಡಿ ಮತ್ತು ಬ್ಲೂ-ರೇ ನಡುವೆ ಆರಕ್ಕೆ ಆರು ಸರಿ ಹೇಳಿದೆ. ಬ್ಲೂ-ರೇ ಮತ್ತು 4ಕೆ ನಡುವೆ ನಾಲ್ಕು, ಅದೂ ರಾತ್ರಿ ದೃಶ್ಯ ಬಂದಾಗ ಮಾತ್ರ ಧೈರ್ಯವಾಗಿ. ಭಾವ ಕನ್ನಡಕ ಮರೆತು ಕೂತಿದ್ದರು, ಅವರಿಗೆ ಮೂರೂ ಒಂದೇ. ನಿಮಗೆ ವ್ಯತ್ಯಾಸ ತಿಳಿಯದಿದ್ದರೆ ನಾಚಿಕೆ ಪಡುವಂಥದ್ದೇನಿಲ್ಲ. ದುಡ್ಡು ಉಳಿಯಿತು!

ಹೆಜ್ಜೆ 8: ಧ್ವನಿ

ಟಿವಿಯ ಸ್ಪೀಕರಿನಲ್ಲೇ ಕೇಳುವುದಾದರೆ ಈ ಹೆಜ್ಜೆ ಬಿಟ್ಟುಬಿಡಿ. ಹೋಮ್ ಥಿಯೇಟರ್ ಅಥವಾ ಒಳ್ಳೆ ಸೌಂಡ್‌ಬಾರ್ ಇದ್ದರೆ ಬ್ಲೂ-ರೇಯ ದೊಡ್ಡ ಲಾಭ ಇಲ್ಲೇ ಇದೆ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡೂ ಸ್ಟುಡಿಯೋ ಧ್ವನಿಯನ್ನು ಒಂದು ಚೂರೂ ಕಳೆಯದೆ ಕೊಡುತ್ತವೆ. ಆದರೆ ಪ್ಲೇಯರನ್ನು ಟಿವಿಗೆ ಸಿಕ್ಕಿಸಿ ಅಲ್ಲಿಂದ ಟಿವಿಯ ಧ್ವನಿ ಹೊರಗೆ ಕಳಿಸುವ ಸಾದಾ ಎಆರ್‌ಸಿ ಪೋರ್ಟ್ ಮೂಲಕ ಸೌಂಡ್‌ಬಾರಿಗೆ ಕಳಿಸಿದರೆ ಈ ಧ್ವನಿ ಹಾಯುವುದಿಲ್ಲ. ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕು, ಇಲ್ಲವೇ ಪ್ಲೇಯರ್ ನೇರವಾಗಿ ಆಂಪ್ಲಿಫೈಯರಿಗೆ ಹೋಗಬೇಕು.

ಹೆಜ್ಜೆ 9: ಪ್ಲೇಯರ್ ಕೊಳ್ಳುವಾಗ

ಮಾರುಕಟ್ಟೆ ಚಿಕ್ಕದಾಗುತ್ತಿದೆ. ಒಪ್ಪೋ 2018ರಲ್ಲಿ ಪ್ಲೇಯರ್ ಮಾಡುವುದನ್ನೇ ನಿಲ್ಲಿಸಿತು. ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಪ್ಲೇಯರ್ ತರುವುದಿಲ್ಲ ಅಂತ 2019ರಲ್ಲಿ ಹೇಳಿತು. ಎಲ್‌ಜಿ 2024ರ ಕೊನೆಗೆ ನಿಲ್ಲಿಸಿತು. ಸೋನಿ, ಪ್ಯಾನಸಾನಿಕ್ ಉಳಿದಿವೆ. ಗೇಮ್ ಆಡುವ ಮಕ್ಕಳಿರುವ ಮನೆಯಾದರೆ ಪ್ಲೇಸ್ಟೇಷನ್ 5ರ ಡಿಸ್ಕ್ ಇರುವ ಮಾದರಿ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ 4ಕೆ ಡಿಸ್ಕ್ ಓಡಿಸುತ್ತವೆ. ಪ್ಲೇಸ್ಟೇಷನ್ 4 ಪ್ರೋ ಆಟವನ್ನು 4ಕೆಯಲ್ಲಿ ತೋರಿಸುತ್ತೆ, 4ಕೆ ಡಿಸ್ಕ್ ಮಾತ್ರ ಓದುವುದಿಲ್ಲ. ಹೆಸರು ನೋಡಿ ಮೋಸ ಹೋಗುವವರು ಇದರಲ್ಲೇ ಜಾಸ್ತಿ. ಕಂಪ್ಯೂಟರಿನಲ್ಲಿ 4ಕೆ ಡಿಸ್ಕ್ ಓಡಿಸುವ ಯೋಚನೆ ಬೇಡ. ಅದಕ್ಕೆ ಬೇಕಾದ ಒಂದು ಭದ್ರತಾ ಸೌಲಭ್ಯವನ್ನು ಇಂಟೆಲ್ ತನ್ನ ಹೊಸ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಂದ ತೆಗೆದೇ ಹಾಕಿದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ನಿಮ್ಮದೇ ಬ್ಲೂ-ರೇ ಡಿಸ್ಕ್ ಜೇಬಿನಲ್ಲಿಟ್ಟುಕೊಂಡು ಹೋಗಿ. ನಾನು ಹೋದಾಗ ಅಂಗಡಿಯವರು ಡಿವಿಡಿ ಹಾಕಿ ತೋರಿಸಿದರು, ಚೆನ್ನಾಗಿ ಓಡಿತು, ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಬ್ಲೂ-ರೇ ಹಾಕಿದರೆ ಗರ್‌ ಅಂತ ತಿರುಗಿ ಹೊರಗೆ ಉಗುಳಿತು. ಡಿವಿಡಿ ಓದುವುದು ಕೆಂಪು ಲೇಸರ್, ಬ್ಲೂ-ರೇ ಓದುವುದು ನೀಲಿ. ಒಂದು ಸತ್ತಿದ್ದರೂ ಇನ್ನೊಂದು ಬದುಕಿರುತ್ತದೆ. ಎರಡು ಪದರದ 50 ಜಿಬಿ ಡಿಸ್ಕ್ ಹಾಕಿ, ಸಿನಿಮಾದ ಕೊನೆಯ ಭಾಗಕ್ಕೂ ಹಾರಿ ನೋಡಿ. ಮನೆಗೆ ತಂದ ಮೇಲೆ ಮೊದಲ ಕೆಲಸ ಫರ್ಮ್‌ವೇರ್, ಅಂದರೆ ಪ್ಲೇಯರಿನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡುವುದು. ಹೊಸ ಡಿಸ್ಕ್‌ಗಳ ನಕಲು ತಡೆಯುವ ಬೀಗಕ್ಕೆ ಹೊಸ ಕೀಲಿ ಬೇಕಾಗುತ್ತದೆ, ಹಳೆ ಫರ್ಮ್‌ವೇರಿನಲ್ಲಿ ಅದು ಇರುವುದಿಲ್ಲ.

ಹೆಜ್ಜೆ 10: ಒರೆಸುವುದು, ಇಡುವುದು

ಮೆತ್ತನೆಯ ಒಣಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಅಲ್ಲ. ಡಿವಿಡಿಯ ಗೀರನ್ನು ಪಾಲಿಶ್ ಮಾಡಿಸಬಹುದು, ಟೂತ್‌ಪೇಸ್ಟ್ ಉಜ್ಜಿ ಬದುಕಿಸಿದವರೂ ಇದ್ದಾರೆ. ಬ್ಲೂ-ರೇಗೆ ಇದನ್ನು ಮಾಡಲೇಬೇಡಿ. ಅದರ ಮೇಲೆ ಗಟ್ಟಿ ಲೇಪ ಇರುವುದರಿಂದ ಸುಲಭಕ್ಕೆ ಗೀರಾಗುವುದಿಲ್ಲ. ಆದರೆ ಮಾಹಿತಿ ಇರುವುದು 0.1 ಮಿಲಿಮೀಟರ್ ಕೆಳಗೆ ತಾನೇ? ಉಜ್ಜಿದರೆ ಆ ಲೇಪವೇ ಹೋಗುತ್ತೆ, ಆಮೇಲೆ ಮಾಹಿತಿಗೆ ಕಾವಲಿಲ್ಲ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹುಷಾರು. ತೇವಕ್ಕೆ ಡಿಸ್ಕಿನ ಮೇಲೆ ಬೂಷ್ಟು ಹಿಡಿಯುತ್ತದೆ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕಪಾಟಿನಲ್ಲಿಡಿ, ಡಬ್ಬಿಗಳನ್ನು ಮಲಗಿಸದೆ ನಿಲ್ಲಿಸಿಡಿ. ನಮ್ಮಲ್ಲಿ ಮೇಲಿನ ಅರೆಯಲ್ಲಿ ನೀಲಿ, ಅದರ ಪಕ್ಕ ಗಿಡ್ಡ ಕಪ್ಪು, ನಡುವಿನ ಅರೆಯಲ್ಲಿ ಡಿವಿಡಿಗಳಿವೆ. ಕೆಂಪಿನವು ಕೆಳಗಿವೆ, ಗುಜರಿಗೆ ಹೋಗಲಿಲ್ಲ. ಭಾವ ಬಂದಾಗಲೆಲ್ಲ ಒಂದೆರಡನ್ನು ಹೊರಗೆ ತೆಗೆದು, ಹಳದಿ ಚೀಟಿಯ ಬೆಲೆ ಓದಿ, ಮತ್ತೆ ಅಲ್ಲೇ ಇಡುತ್ತಾರೆ.